ಬ್ಯಾಟರಿ ಬದಲಿಸುವ ಮೊದಲು ಮೂರು ಅಂಕಿ

ಬೆಳಿಗ್ಗೆ ಕೀ ತಿರುಗಿಸಿದರೆ ಬರೀ ‘ಕಟ್‌ಕಟ್’ ಸದ್ದು, ಸೆಲ್ಫ್ ಹೊಡೆಯುತ್ತಿಲ್ಲ. ಬಂದ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲೇ ತೀರ್ಪು ಕೊಟ್ಟಿರುತ್ತಾನೆ: ‘ಬ್ಯಾಟರಿ ಹೋಗಿದೆ ಸಾರ್.’ ಸಣ್ಣ ಪೆಟ್ರೋಲ್ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿಗೆ ಅಂದಾಜು 4,000ದಿಂದ 5,000 ರೂಪಾಯಿ. ಅವನ ಮಾತು ಎಷ್ಟೋ ಸಲ ನಿಜವೇ. ಆದರೂ ದುಡ್ಡು ಎಣಿಸುವ ಮುಂಚೆ ಮೂರು ಅಂಕಿ ನೋಡುವುದು ಒಳ್ಳೆಯದು. ಅದಕ್ಕೆ ಬೇಕಾದ ಮಲ್ಟಿಮೀಟರ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ.

ಮೊದಲನೆಯದು, ಗಾಡಿ ರಾತ್ರಿಯಿಡೀ ನಿಂತಿದ್ದಾಗಿನ ವೋಲ್ಟ್. ಆರು ಸೆಲ್, ತಲಾ 2.1, ತುಂಬಿದ ಬ್ಯಾಟರಿ 12.6 ತೋರಿಸಬೇಕು. 12.2 ಎಂದರೆ ಅರ್ಧ ಖಾಲಿ. 11.9 ಎಂದರೆ ಉಳಿದದ್ದು ಏನೂ ಇಲ್ಲ. ಆದರೆ ಖಾಲಿಯಾದದ್ದೆಲ್ಲ ಕೆಟ್ಟದ್ದಲ್ಲ. 5 ವಾಟ್‌ನ ಒಳದೀಪ ಹತ್ತು ಗಂಟೆ ಉರಿದರೆ ಹೋಗುವುದು 4 ಆಂಪಿಯರ್-ಅವರ್. ಎರಡು ಹ್ಯಾಲೊಜನ್ ಹೆಡ್‌ಲೈಟ್ ಮರೆತರೆ ಮಾತ್ರ ನಾಲ್ಕು ಗಂಟೆಯೊಳಗೆ ಬ್ಯಾಟರಿ ಬರಿದು. ಮೊದಲು ಚಾರ್ಜ್ ಮಾಡಿಸಿ.

ಎರಡನೆಯದು ಸೆಲ್ಫ್ ಹೊಡೆಯುವಾಗಿನದು. ತುಂಬಿದ ಬ್ಯಾಟರಿ ಆಗಲೂ 9.6ಕ್ಕಿಂತ ಕೆಳಗಿಳಿದರೆ ಬದಲಿಸಬೇಕಾದೀತು. ಹೆಚ್ಚಿನವರು ಎಡವುವುದು ಇಲ್ಲೇ. ಸ್ಟಾರ್ಟರ್ ಮೋಟರ್ 150 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. ಟರ್ಮಿನಲ್ ಮೇಲೆ ಬೆಳೆದ ಬಿಳಿ-ಹಸಿರು ಪುಡಿ 0.02 ಓಮ್ ತಡೆ ಒಡ್ಡಿದರೆ ಸಾಕು, 3 ವೋಲ್ಟ್ ದಾರಿಯಲ್ಲೇ ಮಾಯ. ಬ್ಯಾಟರಿಗೆ ಏನೂ ಆಗಿರುವುದಿಲ್ಲ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಸೀಸದ ಗೂಟಕ್ಕೆ, ಇನ್ನೊಂದನ್ನು ಅದನ್ನು ಹಿಡಿದಿರುವ ಕ್ಲಾಂಪಿಗೆ ಇಟ್ಟು ಸೆಲ್ಫ್ ಹೊಡೆಸಿ; ಒಂದು ವೋಲ್ಟ್‌ನ ಹತ್ತಿರ ಬಂದರೂ ಕಳ್ಳ ಸಿಕ್ಕಂತೆ. ಮೈನಸ್ ತಂತಿ ಮೊದಲು ಬಿಚ್ಚಿ, ಅಡುಗೆ ಸೋಡಾ ಕಲಸಿದ ಬಿಸಿನೀರಿನಲ್ಲಿ ಉಜ್ಜಿ, ಒಣಗಿಸಿ, ಬಿಗಿ ಮಾಡಿ. ಖರ್ಚು ಹತ್ತು ರೂಪಾಯಿ.

ಮೂರನೆಯದು ಎಂಜಿನ್ ಓಡುವಾಗಿನದು: ಸಾಮಾನ್ಯವಾಗಿ 13.8ರಿಂದ 14.4. ಹೊಸ ಕೆಲವು ಕಾರುಗಳಲ್ಲಿ ಇದು ಏರಿಳಿಯುವುದುಂಟು. ಆದರೆ 12.3ರಲ್ಲೇ ನಿಂತಿದ್ದರೆ ಸಂಶಯ ಡೈನಮೋ ಮೇಲೆ ಹೋಗಬೇಕು. ಅದರ ಕಾರ್ಬನ್ ಬ್ರಷ್ ಸವೆದಿದ್ದರೆ ಅಲ್ಪದರಲ್ಲಿ ಮುಗಿಯುತ್ತದೆ, ಇಡೀ ಡೈನಮೋ ಹೊಸದು ಹಾಕಿಸಬೇಕಾದರೆ ಬ್ಯಾಟರಿಗಿಂತ ದುಬಾರಿ. ಇದನ್ನು ನೋಡದೆ ಹೊಸ ಬ್ಯಾಟರಿ ಹಾಕಿಸಿಕೊಂಡು ರಾತ್ರಿ ಬೆಂಗಳೂರು ಬಿಟ್ಟವರ ಲೆಕ್ಕ ಹೀಗೆ: ದೀಪ, ಪೆಟ್ರೋಲ್ ಪಂಪ್, ಫ್ಯಾನ್ ಸೇರಿ 20 ಆಂಪಿಯರ್, ಕೈಯಲ್ಲಿರುವುದು 35 ಆಂಪಿಯರ್-ಅವರ್, ಹಾಸನ ಮುಟ್ಟುವ ಮೊದಲೇ ಗಾಡಿ ರಸ್ತೆ ಬದಿಗೆ.

ಇನ್ನು ಆಯುಸ್ಸು. ನಮ್ಮಲ್ಲಿ ಮೂರರಿಂದ ಐದು ವರ್ಷ. ತಾಪ 10 ಡಿಗ್ರಿ ಏರಿದರೆ ಬ್ಯಾಟರಿಯ ಬಾಳಿಕೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂಬುದು ಈ ಕಸುಬಿನ ಸ್ಥೂಲ ಲೆಕ್ಕ. 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಬಯಲಲ್ಲೇ ನಿಲ್ಲಿಸುವವರು ಕೆಳಗಿನ ಅಂಕಿಯನ್ನೇ ನಂಬುವುದು ಲೇಸು. ಪೆಟ್ಟು ಬೇಸಿಗೆಯದು, ಗಾಡಿ ಕೈಕೊಡುವುದು ಡಿಸೆಂಬರಿನ ಬೆಳಿಗ್ಗೆ.

ನಿಂತ ಕಾರೂ ತಿನ್ನುತ್ತದೆ. ಅಲಾರಂ, ಗಡಿಯಾರ, ಕಂಪ್ಯೂಟರ್ ಸೇರಿ 50 ಮಿಲಿಆಂಪಿಯರ್ ಎಳೆದರೂ ದಿನಕ್ಕೆ 1.2 ಆಂಪಿಯರ್-ಅವರ್, ಎರಡು ವಾರಕ್ಕೆ ಅರ್ಧ ಬ್ಯಾಟರಿ ಖಾಲಿ. ತಿಂಗಳುಗಟ್ಟಲೆ ಊರಿಗೆ ಹೋಗುವವರು ಮೈನಸ್ ತಂತಿ ಬಿಚ್ಚಿಟ್ಟು ಹೋದರೆ, ಬಂದ ಮೇಲೆ ಗಡಿಯಾರ ಹೊಂದಿಸುವ ಕೆಲಸವಷ್ಟೇ ಉಳಿಯುತ್ತದೆ.