ಹಿತ್ತಲ ಕೋಳಿಯ ಉಸಿರು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ಈ ನಾಲ್ಕು ತಾಲ್ಲೂಕುಗಳಲ್ಲಿ ಹೊಗೆಸೊಪ್ಪಿನ ಹಣವೂ ಭತ್ತದ ಹಣವೂ ಮನೆಯ ಯಜಮಾನನ ಕೈ ಸೇರುವುವಾದರೆ, ಹಿತ್ತಲಲ್ಲಿ ಕೆದಕಿ ತಿನ್ನುವ ಎಂಟು ಹತ್ತು ನಾಟಿ ಕೋಳಿಗಳಿಂದ ಬರುವ ಹಣ ಬಹುಮಟ್ಟಿಗೆ ಹೆಂಗಸರದು. ಮಗುವಿನ ಪುಸ್ತಕಕ್ಕಾಗಲಿ ತವರಿನ ಪ್ರಯಾಣಕ್ಕಾಗಲಿ ಯಾರನ್ನೂ ಕೇಳದೆ ತೆಗೆಯಬಹುದಾದ ಸ್ವಂತ ಧನವದು. ಯುಗಾದಿಯ ಮರುದಿನದ ಹೊಸತೊಡಕಿಗೆಂದೋ ಊರ ಮಾರಿಹಬ್ಬಕ್ಕೆಂದೋ ತಿಂಗಳುಗಟ್ಟಲೆ ಸಾಕಿದ ಹುಂಜಗಳು, ಹಬ್ಬ ಇನ್ನೊಂದು ವಾರವಿದೆಯೆನ್ನುವಾಗ ಕತ್ತು ಚಾಚಿ ಬಾಯ್ದೆರೆದು ಉಸಿರೆಳೆಯತೊಡಗಿ, ನಾಲ್ಕೈದು ದಿನಗಳೊಳಗೆ ಗೂಡೇ ಬರಿದಾದುದನ್ನು ಕಂಡ ಮನೆಗಳು ಈ ಸೀಮೆಯಲ್ಲಿ ವಿರಳವಲ್ಲ. ‘ಊರಿಗೆ ಕೋಳಿರೋಗ ಬಿದ್ದಿದೆ’ ಎಂದು ನೆರೆಹೊರೆಯವರು ನಿಟ್ಟುಸಿರಿಟ್ಟು, ಅದನ್ನು ವಿಧಿಯ ಲೆಕ್ಕಕ್ಕೆ ಬರೆದು ಸುಮ್ಮನಾಗುತ್ತಾರೆ. ಆದರೆ ಈ ನಷ್ಟದ ಬಹುಭಾಗ ನಿವಾರಣೀಯವಾದುದೆಂಬುದೂ, ಆ ನಿವಾರಣೆಯು ಒಂಟಿ ಮನೆಯಿಂದಾಗದೆ ಒಂದು ಬೀದಿಯೇ ಒಟ್ಟುಗೂಡಿದಾಗ ಸುಲಭಸಾಧ್ಯವೆಂಬುದೂ ನನ್ನ ದೃಢವಾದ ನಂಬಿಕೆ.

ಕೋಳಿಯ ಶ್ವಾಸಾಂಗಗಳ ರಚನೆಯನ್ನು ಸ್ವಲ್ಪ ತಿಳಿದುಕೊಂಡರೆ ಅದರ ನೆಗಡಿಯನ್ನು ನಾವು ನಮ್ಮ ನೆಗಡಿಯಂತೆ ಹಗುರವಾಗಿ ಕಾಣಲಾರೆವು. ಅದಕ್ಕೆ ನಮಗಿರುವಂತಹ ವಪೆಯಿಲ್ಲ; ಪಕ್ಕೆಲುಬುಗಳಿಗೆ ಕಚ್ಚಿಕೊಂಡಿರುವ ಅದರ ಶ್ವಾಸಕೋಶಗಳು ಹಿಗ್ಗಿ ಕುಗ್ಗುವುದು ಅತ್ಯಲ್ಪ; ಗಾಳಿಯನ್ನು ಸೆಳೆದು ದೂಡುವ ಕಾರ್ಯವನ್ನು ಕತ್ತಿನ ಬುಡದಿಂದ ಹೊಟ್ಟೆಯವರೆಗೆ ಹರಡಿರುವ ಒಂಬತ್ತು ತೆಳುಪೊರೆಯ ಗಾಳಿಚೀಲಗಳು ನಡೆಸುತ್ತವೆ, ಮತ್ತು ಆ ಚೀಲಗಳ ಕವಲುಗಳು ರೆಕ್ಕೆಯ ಮೂಳೆಯೊಳಗೂ ಹೊಕ್ಕಿರುತ್ತವೆ. ಆದುದರಿಂದ ಮೂಗಿನಿಂದೊಳಗೆ ಹೋದ ರೋಗಾಣುವಿಗೆ ದೇಹದ ಮೂಲೆಮೂಲೆಗೂ ದಾರಿ ತೆರೆದೇ ಇರುತ್ತದೆ. ರಕ್ತಸಂಚಾರ ಕಡಮೆಯಾದ ಆ ಚೀಲಗಳಲ್ಲಿ ಒಮ್ಮೆ ಕೀವು ಕಟ್ಟಿತೆಂದರೆ ಔಷಧವು ಅಲ್ಲಿಗೆ ತಲಪುವುದೂ ಕಷ್ಟ.

ರೋಗದ ಮೊದಲ ಸುಳಿವು ಸಿಕ್ಕುವುದು ಹಗಲಿನಲ್ಲಲ್ಲ. ರಾತ್ರಿ ಊಟವಾದ ಮೇಲೆ, ಕೋಳಿಗಳೆಲ್ಲ ಗೂಡಿನಲ್ಲಿ ಮೈಗೆ ಮೈ ಹಚ್ಚಿ ನಿದ್ರಿಸುವ ಹೊತ್ತಿನಲ್ಲಿ, ದೀಪವಿಲ್ಲದೆ ಗೂಡಿನ ಬಾಗಿಲ ಬಳಿ ಕುಳಿತು ಕಿವಿಗೊಟ್ಟರೆ ಆರೋಗ್ಯವಂತ ಹಿಂಡಿನಿಂದ ರೆಕ್ಕೆ ಸರಿಸುವ ಸದ್ದನ್ನುಳಿದು ಬೇರೇನೂ ಕೇಳಿಸದು. ಗಂಟಲಲ್ಲಿ ಕಫ ಸಿಕ್ಕಿದ ಗೊರಗೊರ ಶಬ್ದವೋ, ತಲೆ ಕೊಡವಿ ‘ಚಿಕ್’ ಎಂದು ಸೀನುವ ಸದ್ದೋ ಕೇಳಿಸಿತೆಂದರೆ ಬೆಳಗಾಗುವ ಮುನ್ನವೇ ಆ ಕೋಳಿಯನ್ನು ಗುರುತಿಸಿ, ಬೇರೆ ಮಂಕರಿಯಡಿ ಮುಚ್ಚಿ, ಅದರ ನೀರಿನ ಪಾತ್ರೆಯನ್ನು ಪ್ರತ್ಯೇಕಿಸಬೇಕು. ಗೊರಗೊರ ಎನ್ನುವುದು ಒಂದೇ ರೋಗವಲ್ಲ, ಅನೇಕ ರೋಗಗಳಿಗೆ ಸಾಮಾನ್ಯವಾದ ಲಕ್ಷಣ. ಕಣ್ಣ ಕೆಳಗೆ ಮುಖ ಊದಿ, ಮೂಗಿನಿಂದ ದುರ್ಗಂಧದ ಸಿಂಬಳ ಸುರಿದರೆ ಅದು ಬಹುತೇಕ ಕೊರೈಜಾ ಎಂಬ ಬ್ಯಾಕ್ಟೀರಿಯಾಜನ್ಯ ನೆಗಡಿ. ಬೇಗ ಹರಡಿದರೂ ಸಾಯಿಸುವುದು ಕಡಮೆ. ವಾರಗಟ್ಟಲೆ ಗೊರಗುಟ್ಟುತ್ತ, ಮೈಯಿಳಿಯುತ್ತ, ಮೊಟ್ಟೆ ಕಡಮೆಯಾಗುತ್ತ ಹೋದರೆ ಮೈಕೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದಾಗುವ ದೀರ್ಘಕಾಲಿಕ ಶ್ವಾಸರೋಗವೆಂದು ಶಂಕಿಸಬೇಕು. ಇದು ಮೊಟ್ಟೆಯ ಮೂಲಕ ಮರಿಗೂ ದಾಟುವುದಾದ್ದರಿಂದ, ಗುಣವಾದಂತೆ ಕಂಡ ಹೇಂಟೆಯ ಮೊಟ್ಟೆಗಳನ್ನು ಕಾವಿಗಿಡುವುದು ವಿಹಿತವಲ್ಲ. ಮರಿಗಳು ಸದ್ದೇ ಇಲ್ಲದೆ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಗೂಡಿನ ನೆಲಕ್ಕೆ ಹಾಸಿದ ಹೊಟ್ಟನ್ನೋ ಹುಲ್ಲನ್ನೋ ಕೈಯಲ್ಲಿ ಹಿಡಿದು ಮೂಸಿ ನೋಡಬೇಕು. ಕಾವೇರಿಯ ನಾಲೆಗಳಡಿಯ ಕೃಷ್ಣರಾಜನಗರದ ಬಯಲಿನಲ್ಲಿ ಹೇರಳವಾಗಿ ದೊರೆಯುವ ಭತ್ತದ ಹೊಟ್ಟು ಮಳೆಯಲ್ಲಿ ನೆನೆದು ಬೂಷ್ಟು ಹಿಡಿದರೆ ಆ ಬೂಷ್ಟಿನ ಕಣಗಳು ಎಳೆಯ ಮರಿಯ ಶ್ವಾಸಕೋಶದಲ್ಲಿ ಬೇರೂರುತ್ತವೆ.

ಇವೆಲ್ಲಕ್ಕಿಂತ ಭಯಂಕರವಾದುದು ಕೊಕ್ಕರೆ ರೋಗ, ಅಂದರೆ ರಾಣಿಖೇತ್. 1926ರಲ್ಲಿ ಜಾವಾ ದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿಯೂ ಕಾಣಿಸಿಕೊಂಡ ಈ ವೈರಸ್ ರೋಗವು ಅದರ ಬೆನ್ನಿಗೇ ಹಿಮಾಲಯದ ಕುಮಾವೂ ಸೀಮೆಯ ರಾಣಿಖೇತ್‌ನಲ್ಲಿ ಗುರುತಿಸಲ್ಪಟ್ಟಿತು. ಏದುಸಿರು, ಹಸಿರು ಬಣ್ಣದ ನೀರಾದ ಭೇದಿ, ಜೋತುಬಿದ್ದ ರೆಕ್ಕೆ, ಬದುಕುಳಿದವುಗಳಲ್ಲಿ ತಿರುಚಿಕೊಂಡ ಕತ್ತು, ಇವು ಇದರ ಲಕ್ಷಣಗಳು; ಲಸಿಕೆಯಿಲ್ಲದ ಹಿಂಡಿನಲ್ಲಿ ಒಂದೂ ಉಳಿಯದೆ ಹೋಗುವುದುಂಟು; ಇದಕ್ಕೆ ಚಿಕಿತ್ಸೆಯೆಂಬುದೇ ಇಲ್ಲ. ಬೆಳ್ಳುಳ್ಳಿ ಅರಿಸಿನಗಳನ್ನು ಅರೆದು ಕುಡಿಸುವ ಅಕ್ಕತಂಗಿಯರ ವಾತ್ಸಲ್ಯಕ್ಕೆ ನಾನು ತಲೆಬಾಗುತ್ತೇನೆ, ಆದರೆ ಆ ವೈರಸ್ಸು ಅದಕ್ಕೆ ಮಣಿಯುವಂತಹುದಲ್ಲ. ಮನುಷ್ಯರಿಗೆಂದು ತಂದ ಕ್ಯಾಪ್ಸೂಲನ್ನು ಬಿಚ್ಚಿ ನೀರಿಗೆ ಬೆರೆಸುವುದಂತೂ ಸರ್ವಥಾ ಸಲ್ಲದು. ಪ್ರತಿಜೈವಿಕ ಔಷಧವು ವೈರಸ್ಸಿನ ಮೇಲೆ ನಿಷ್ಫಲ, ಅದರ ಶೇಷಾಂಶವಾದರೋ ಮೊಟ್ಟೆಯ ಮೂಲಕ ನಮ್ಮ ಮಕ್ಕಳ ಹೊಟ್ಟೆಯನ್ನು ಸೇರುತ್ತದೆ.

ಇರುವ ದಾರಿ ಲಸಿಕೆಯೊಂದೇ. ಮೈಸೂರು ಸೀರಂ ಸಂಸ್ಥೆಯೆಂದು 1925ರಲ್ಲಿ ಸ್ಥಾಪಿತವಾಗಿ ಇಂದು ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯೆನಿಸಿರುವ ಹೆಬ್ಬಾಳದ ಸಂಸ್ಥೆ ಕೋಳಿಗಳ ಲಸಿಕೆಯನ್ನೂ ತಯಾರಿಸುತ್ತ ಬಂದಿದೆ. ಮರಿಗೆ ಒಂದು ವಾರ ತುಂಬುವ ಹೊತ್ತಿಗೆ ಕಣ್ಣಿಗೋ ಮೂಗಿಗೋ ಒಂದು ತೊಟ್ಟು, ನಾಲ್ಕನೆಯ ವಾರದಲ್ಲಿ ಇನ್ನೊಂದು, ಎಂಟು ವಾರ ದಾಟಿದ ಮೇಲೆ ರೆಕ್ಕೆಯ ಬುಡದ ಚರ್ಮದಡಿ ಒಂದು ಚುಚ್ಚುಮದ್ದು: ಇಷ್ಟೇ ಕ್ರಮ. ಆದರೂ ಹಿತ್ತಲ ಕೋಳಿಗಳಿಗೆ ಇದು ಏಕೆ ದೊರಕುತ್ತಿಲ್ಲವೆಂದರೆ, ಲಸಿಕೆಯ ಸೀಸೆಯೊಂದರಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗೆ ಸಾಲುವಷ್ಟು ಮದ್ದಿರುತ್ತದೆ. ಅದನ್ನು ಮಂಜುಗಡ್ಡೆಯಲ್ಲಿಟ್ಟು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ತರಬೇಕು. ಕಲಸಿದ ಮೇಲೆ ಒಂದೆರಡು ಗಂಟೆಗಳೊಳಗೆ ಮುಗಿಸಬೇಕು. ಹತ್ತು ಕೋಳಿಗಳ ಒಡತಿ ಇದಕ್ಕಾಗಿ ಸೀಸೆಯನ್ನೊಡೆಸುವುದು ಹೇಗೆ? ಹತ್ತು ಮನೆಗಳವರು ಮೊದಲೇ ಮಾತನಾಡಿಕೊಂಡು, ಪಶು ಆಸ್ಪತ್ರೆಯಲ್ಲಿ ದಿನ ಗೊತ್ತುಮಾಡಿಕೊಂಡು, ಕೋಳಿಗಳು ಇನ್ನೂ ಗೂಡಿನಿಂದ ಹೊರಬೀಳದ ನಸುಕಿನಲ್ಲಿ ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹೋದರೆ ಸೀಸೆಯೂ ವ್ಯರ್ಥವಾಗದು, ರೋಗಕ್ಕೂ ನಡುವೆ ನಿಲ್ಲಲು ನೆಲೆ ಸಿಕ್ಕದು. ಸ್ತ್ರೀಶಕ್ತಿ ಸಂಘಗಳು ಪ್ರತಿ ವಾರ ಸೇರಿ ಉಳಿತಾಯದ ಲೆಕ್ಕ ಬರೆಯುವ ಊರುಗಳಲ್ಲಿ ಇದೇನೂ ಮಹತ್ಕಾರ್ಯವಲ್ಲ. ಬೇಸಗೆಯ ಜಾಡ್ಯವೂ ಹೊಸತೊಡಕಿನ ಕೊಳ್ಳುಮಾರುಗಳೂ ಒಟ್ಟಿಗೇ ಬರುವುದರಿಂದ ಶಿವರಾತ್ರಿಗೆ ಮುನ್ನವೇ ಇದು ಮುಗಿಯುವುದು ಮೇಲು. ತೊಟ್ಟು ಬಿಟ್ಟೊಡನೆ ಕೋಳಿಯನ್ನು ಕೈಬಿಡದೆ, ಅದು ಒಮ್ಮೆ ರೆಪ್ಪೆ ಬಡಿದು ಮದ್ದು ಕಣ್ಣೊಳಗೆ ಇಳಿಯುವವರೆಗೂ ಹಿಡಿದಿರಬೇಕು. ಅನಂತರ ಕೈ ತೊಳೆಯಬೇಕು, ಏಕೆಂದರೆ ಲಸಿಕೆಯಲ್ಲಿರುವ ಈ ವೈರಸ್ಸು ಮನುಷ್ಯನ ಕಣ್ಣನ್ನೂ ಕೆಲವು ದಿನ ಕೆಂಪಾಗಿಸಬಲ್ಲುದು. ಈಗಾಗಲೇ ಗೊರಗುಟ್ಟುವ ಕೋಳಿಗೆ ಲಸಿಕೆ ಹಾಕಬಾರದು.

ಹಕ್ಕಿಜ್ವರದ ಮಾತು ಬೇರೆಯೇ. 2012ರಲ್ಲಿ ಹೆಸರಘಟ್ಟದಲ್ಲಿಯೂ 2020ರ ಮಾರ್ಚಿನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿಯೂ ಅದು ತಲೆಯೆತ್ತಿತ್ತು. 2017ರ ಜನವರಿಯಲ್ಲಿ ಅದರ ದೆಸೆಯಿಂದ ಮೈಸೂರಿನ ಮೃಗಾಲಯವು ಮುಚ್ಚಲ್ಪಟ್ಟಿತ್ತು. ಜುಟ್ಟು ನೀಲಿಗಟ್ಟಿ, ತಲೆ ಊದಿ, ಇಲ್ಲವೆ ಯಾವ ಲಕ್ಷಣವನ್ನೂ ತೋರುವ ಮೊದಲೇ, ಹಲವು ಕೋಳಿಗಳು ಒಟ್ಟಿಗೆ ಸತ್ತರೆ, ಅಥವಾ ಕೆರೆಯಂಚಿನಲ್ಲಿ ನೀರುಹಕ್ಕಿಗಳೂ ಸತ್ತುಬಿದ್ದಿದ್ದರೆ, ಅವನ್ನು ಮುಟ್ಟದೆ, ಕೊಯ್ಯದೆ, ಪಶು ಆಸ್ಪತ್ರೆಗೋ 1962 ಎಂಬ ದೂರವಾಣಿ ಸಂಖ್ಯೆಗೋ ಒಡನೆ ತಿಳಿಸಬೇಕು. ರಾಣಿಖೇತ್ ಯಾವುದು, ಹಕ್ಕಿಜ್ವರ ಯಾವುದು ಎಂಬುದನ್ನು ಬರಿಗಣ್ಣಿನಿಂದ ನಿಶ್ಚಯಿಸುವುದು ಪಶುವೈದ್ಯರಿಗೂ ಶಕ್ಯವಲ್ಲ; ಅದಕ್ಕೆ ಪ್ರಯೋಗಾಲಯವೇ ಬೇಕು.

ಇನ್ನು ಗೂಡಿನ ವಿಷಯ. ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳಲ್ಲಿ ಮುಂಗುಸಿ, ಕಾಡುಬೆಕ್ಕುಗಳ ಭಯದಿಂದ ಗೂಡನ್ನು ಸಂದಿಲ್ಲದಂತೆ ಮುಚ್ಚುವುದು ಸಹಜವೇ; ಆದರೆ ಬೆಳಗ್ಗೆ ಬಾಗಿಲು ತೆರೆದು ಮುಖವೊಡ್ಡಿದಾಗ ನಮ್ಮ ಕಣ್ಣು ಉರಿಯುವುದಾದರೆ, ಹಿಕ್ಕೆಯಿಂದೆದ್ದ ಆ ಅಮೋನಿಯಾದಲ್ಲಿ ಕೋಳಿ ರಾತ್ರಿಯೆಲ್ಲ ಉಸಿರಾಡಿದೆಯೆಂದೂ, ಶ್ವಾಸನಾಳದೊಳಗೆ ಧೂಳನ್ನು ಹೊರಗುಡಿಸುವ ಸೂಕ್ಷ್ಮ ರೋಮಗಳು ಅದರಿಂದ ನಷ್ಟವಾಗುತ್ತಿವೆಯೆಂದೂ ತಿಳಿಯಬೇಕು. ಸೂರಿನ ಕೆಳಗೆ ಬೆರಳು ತೂರದಷ್ಟು ಕಿರಿದಾದ ಜಾಲರಿಯೊಂದನ್ನು ಕೂರಿಸಿದರೆ ಶತ್ರುವೂ ಬರಲಾರದು, ಗಾಳಿಯೂ ಆಡುವುದು. ಹೊಗೆಸೊಪ್ಪು ಹದಮಾಡುವ ತಿಂಗಳುಗಳಲ್ಲಿ ಮನೆಮಂದಿಯೆಲ್ಲ ಹಗಲಿರುಳು ಬ್ಯಾರನ್ನಿನ ಬೆಂಕಿಯ ಮುಂದೆ ಇರುವುದರಿಂದ ಗೂಡು ಗುಡಿಸುವುದು ಮರೆತುಹೋಗುತ್ತದೆ. ಮಳೆಗಾಲವೂ ಅದೇ ಆದುದರಿಂದ ಗೊರಗೊರವೂ ಆಗಲೇ ಹೆಚ್ಚು.

ರೋಗ ಬಂದಾಗ ಕೈಗೆ ಬಂದಷ್ಟು ಬರಲೆಂದು ಮಂಕಾದ ಕೋಳಿಯನ್ನು ಸಂತೆಗೊಯ್ಯುವ ಬಡವರ ಸಂಕಟವನ್ನು ನಾನು ಬಲ್ಲೆ. ಆದರೆ ಒಂದು ಸಂತೆಯಿಂದ ಹತ್ತು ಹಳ್ಳಿಗೆ ರೋಗ ಹಂಚಿಹೋಗುವುದು ಹೀಗೆಯೇ. ಸತ್ತ ಕೋಳಿಯನ್ನು ಲಕ್ಷ್ಮಣತೀರ್ಥ ನದಿಗೋ ನಾಲೆಗೋ ಎಸೆಯದೆ, ನಾಯಿ ಕೆದಕಲಾರದಷ್ಟು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಬರಿದಾದ ಗೂಡನ್ನು ಕೆರೆದು, ತೊಳೆದು, ಸುಣ್ಣ ಬಳಿದು, ಬಿಸಿಲಿಗೆ ಬಿಟ್ಟು, ಮೂರು ನಾಲ್ಕು ವಾರ ಹಾಗೆಯೇ ಇಡಬೇಕು. ಆಮೇಲೆ ಸಂತೆಯಿಂದಲೋ, ಮನೆಬಾಗಿಲಿಗೆ ಮರಿ ತರುವ ಮೋಟಾರುಬೈಕಿನವನಿಂದಲೋ ಕೊಂಡುದನ್ನು, ಅದು ಊರ ನಾಟಿಯಾಗಲಿ ಗಿರಿರಾಜ ತಳಿಯಾಗಲಿ, ನೇರವಾಗಿ ಹಳೆಯ ಹಿಂಡಿಗೆ ಬೆರೆಸದೆ ಹಿತ್ತಲಿನ ಇನ್ನೊಂದು ಕೊನೆಯಲ್ಲಿ ಮೂರು ವಾರ ಪ್ರತ್ಯೇಕವಾಗಿ ಸಾಕಬೇಕು. ಮೊದಲು ಹಳೆಯ ಕೋಳಿಗಳಿಗೆ ನುಚ್ಚು ನೀರು ಇಟ್ಟು, ಕಡೆಯಲ್ಲಿ ಹೊಸವಕ್ಕೆ ಇಟ್ಟು, ಕೈಕಾಲು ತೊಳೆದೇ ಒಳಗೆ ಬರಬೇಕು.