ನೀರು ಹರಿಯಲಿ, ಅಕ್ಷರ ಹಾರದಿರಲಿ

"ಸ್ಲೈಡ್ ಭಾಳ ಚೆಂದ ಇದ್ದವು, ಆದ್ರ ಏನೂ ತಿಳೀಲಿಲ್ಲ ನೋಡ್ರಿ!" ತಾಂತ್ರಿಕ ವಿಷಯದ ಸಭೆ ಮುಗಿಸಿ ಹೊರಬರುವಾಗ ಈ ಮಾತು ಕೇಳಿರುತ್ತೀರಿ. ಅಕ್ಷರ ಗಿರಕಿ ಹೊಡೆದು ಬರುತ್ತದೆ, ಚಿತ್ರ ಪುಟಿಯುತ್ತದೆ, ವಿಷಯ ಮಾತ್ರ ಹಿಂದೆ ಉಳಿಯುತ್ತದೆ. ಇದಕ್ಕೆ ಸರಳ ಸೂತ್ರವೊಂದಿದೆ: ನಿಜವಾಗಿ ಯಾವುದು ಚಲಿಸುತ್ತದೋ ಅದು ಮಾತ್ರ ಪರದೆಯ ಮೇಲೆ ಚಲಿಸಲಿ.

ನಮ್ಮ ವಿಜಯಪುರ ಜಿಲ್ಲೆಯ ನೀರಾವರಿಯನ್ನೇ ತಗೊಳ್ಳಿ. ಬಸವನ ಬಾಗೇವಾಡಿ ಸೀಮೆಯ ಆಲಮಟ್ಟಿಯಲ್ಲಿ ನಿಲ್ಲುವ ಕೃಷ್ಣೆಯ ನೀರು ಮುದ್ದೇಬಿಹಾಳದ ದಕ್ಷಿಣಕ್ಕೆ ಹರಿದು ನಾರಾಯಣಪುರ ಸೇರುತ್ತದೆ. ಅಲ್ಲಿಂದ ಎಡದಂಡೆ ಕಾಲುವೆ, ಅದರಿಂದ ಇಂಡಿ ಶಾಖಾ ಕಾಲುವೆ, ಆಮೇಲೆ ಸಿಂದಗಿ, ಇಂಡಿ ಕಡೆಯ ಹೊಲಗಳು. ಇಷ್ಟನ್ನೂ ಒಂದೇ ನಕ್ಷೆಯಲ್ಲಿ ಒಮ್ಮೆಲೇ ತೋರಿಸಿದರೆ ಅದು ಬರೀ ಗೆರೆಗಳ ಜಾಲ.

ಬದಲಿಗೆ ಹೀಗೆ ಮಾಡಿ. ನದಿಗೊಂದು, ಪ್ರತಿ ಕಾಲುವೆಗೊಂದು ಬೇರೆ ಬೇರೆ ನೀಲಿ ಗೆರೆ ಎಳೆಯಿರಿ. ಗೆರೆ ಆಯ್ದು, ಪವರ್‌ಪಾಯಿಂಟ್‌ನ ಅನಿಮೇಷನ್ಸ್ ಪಟ್ಟಿಯಲ್ಲಿ 'ವೈಪ್' ಒತ್ತಿ. ಕೃಷ್ಣೆ ಪೂರ್ವಕ್ಕೆ ಹರಿಯುತ್ತಾಳೆ, ಆದ್ದರಿಂದ ನದಿಯ ಗೆರೆಗೆ 'ಫ್ರಮ್ ಲೆಫ್ಟ್'. ಇಂಡಿ ಶಾಖೆ ಉತ್ತರದ ಕಡೆ ಏರುತ್ತದೆ, ಅದಕ್ಕೆ 'ಫ್ರಮ್ ಬಾಟಮ್'. ಅವಧಿ 2 ಸೆಕೆಂಡ್, ಆರಂಭ 'ಆನ್ ಕ್ಲಿಕ್'. ನೀವು ಮಾತಾಡಿದಂತೆ ನೀರು ಮುಂದೆ ಸಾಗುತ್ತದೆ. ಊರಿನ ಹೆಸರುಗಳಿಗೆ 'ಅಪಿಯರ್' ಸಾಕು.

ಕಾಲುವೆಯ ಕೊನೆಯಲ್ಲಿ ಹೊಲ ಇದ್ದವರ ಪ್ರಶ್ನೆ ಒಂದೇ: "ನಮ್ಮ ಹೊಲಕ್ಕ ನೀರು ಯಾವಾಗ ಮುಟ್ತದ?" ಮೇಲಿನವರು ಹೆಚ್ಚು ನೀರು ತೆಗೆದರೆ ಕೆಳಗೆ ಏನಾಗುತ್ತದೆ ಎಂಬುದನ್ನೂ ತೋರಿಸಬಹುದು. ಅದೇ ನಕ್ಷೆಯನ್ನು ಮುಂದಿನ ಸ್ಲೈಡಿಗೆ ನಕಲು ಮಾಡಿ, ಕಾಲುವೆಯ ಗೆರೆ ಮುಂದೆ ಹೋದಂತೆ ತೆಳ್ಳಗಾಗಲಿ, ಕೊನೆಗೆ ತಲುಪುವ ಮೊದಲೇ ನಿಲ್ಲಲಿ. ಹತ್ತು ಸಾಲಿನ ವಿವರಣೆಗಿಂತ ಅದು ಬೇಗ ನಾಟುತ್ತದೆ. ಇಂಡಿಯ ಲಿಂಬೆ ತೋಟಕ್ಕೆ ಹನಿ ನೀರಾವರಿ ವಿವರಿಸುವಾಗಲೂ ಇದೇ ಕ್ರಮ: ಮೊದಲು ಟ್ಯಾಂಕ್, ನಂತರ ಫಿಲ್ಟರ್, ಪೈಪು, ಕೊನೆಗೆ ಗಿಡದ ಬುಡದ ಹನಿ.

ಎರಡು ಎಚ್ಚರಿಕೆ. ಅಂಕಿ-ಅಂಶದ ಪಟ್ಟಿಯನ್ನು ಕುಣಿಸಬೇಡಿ, ಓದುವವರ ಕಣ್ಣು ತಪ್ಪುತ್ತದೆ. ಪಿಡಿಎಫ್ ಮಾಡಿದರೆ, ಕಾಗದಕ್ಕೆ ಇಳಿಸಿದರೆ ಚಲನೆ ಉಳಿಯುವುದಿಲ್ಲ. ಹಾಗಾಗಿ ಪೂರ್ತಿ ನಕ್ಷೆಯ ಸ್ಲೈಡ್ ಒಂದನ್ನು ಕಡೆಗೆ ಇಟ್ಟುಕೊಳ್ಳಿ. ಅದರಲ್ಲಿ ಗೆರೆಗಳ ಮೇಲೆ 1, 2, 3 ಎಂದು ಬರೆದಿದ್ದರೆ, ಮನೆಗೆ ಒಯ್ದವರಿಗೂ ನೀರಿನ ದಾರಿ ತಿಳಿಯುತ್ತದೆ.