ಸೆಲ್ಫ್ ಎತ್ತದ ಜೀಪು

ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ಹೆದ್ದಾರಿಯಲ್ಲಿ ಆನಂದಪುರ ಸಿಗುತ್ತದೆ. ಇಲ್ಲಿಂದ ಒಂದು ದಾರಿ ಶಿಕಾರಿಪುರದ ಕಡೆಗೆ, ಇನ್ನೊಂದು ರಿಪ್ಪನ್‌ಪೇಟೆಯ ಮೇಲೆ ಹೊಸನಗರದ ಕಡೆಗೆ ಒಡೆಯುತ್ತದೆ. ಈ ದಾರಿಗಳಿಂದ ಒಳಕ್ಕೆ ತಿರುಗಿ, ದರೆಗಳ ನಡುವಿನ ಮಣ್ಣುರಸ್ತೆ ಹಿಡಿದು ತೋಟದ ಮನೆ ಮುಟ್ಟಬೇಕೆಂದರೆ ಮಳೆಗಾಲದಲ್ಲಿ ಜೀಪೇ ಆಗಬೇಕು. ಆರಿದ್ರೆ ಮಳೆ ಹಿಡಿದು ನಾಲ್ಕು ದಿನ ಶೆಡ್ಡಿನಲ್ಲೇ ನಿಂತ ಜೀಪಿನ ಕೀಲಿ ತಿರುಗಿಸಿದಾಗ ಬಾನೆಟ್ಟಿನೊಳಗಿಂದ ‘ಟಕ್’ ಎಂಬ ಒಂದೇ ಒಂದು ಸದ್ದು ಬಂದು ನಿಲ್ಲುತ್ತದೆ. ‘ಸೆಲ್ಫ್ ಎತ್ತುತ್ತಿಲ್ಲ, ಬ್ಯಾಟರಿ ಹೋಯ್ತು’ ಎಂಬ ತೀರ್ಪು ಅಲ್ಲೇ ಹೊರಬೀಳುತ್ತದೆ. ತೀರ್ಪಿನ ಬೆಲೆ ಕೆಲವು ಸಾವಿರ ರೂಪಾಯಿ. ನನ್ನ ತಕರಾರು ಈ ಅವಸರದ ಬಗ್ಗೆ. ಬ್ಯಾಟರಿ ನಿಜಕ್ಕೂ ಸತ್ತಿದ್ದರೂ ಅದನ್ನು ಕೊಂದದ್ದು ಬಹುಪಾಲು ಆ ಜೀಪಿನಲ್ಲೇ, ಇಲ್ಲವೇ ಆ ಜೀಪನ್ನು ಬಳಸುವ ರೀತಿಯಲ್ಲೇ ಕೂತಿರುತ್ತದೆ. ಅದನ್ನು ಹುಡುಕದೆ ಹೊಸದನ್ನು ಕೂರಿಸಿದರೆ ಹೊಸದಕ್ಕೂ ಅದೇ ಗತಿ.

ಬ್ಯಾಟರಿ ಹಳೆಯ ಸರಕು. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಸೀಸದ ತಗಡುಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ ಮಾಡಿ ತೋರಿಸಿದ ಸಂಗತಿಯೇ ಇಂದಿಗೂ ಬಾನೆಟ್ಟಿನ ಕೆಳಗಿದೆ. ತಲಾ 2.1 ವೋಲ್ಟಿನ ಆರು ಸೆಲ್ಲುಗಳನ್ನು ಸಾಲಾಗಿ ಜೋಡಿಸಿದಾಗ ನಾವು ‘12 ವೋಲ್ಟ್’ ಎನ್ನುವ ಪೆಟ್ಟಿಗೆ ಆಗುತ್ತದೆ. ಕರೆಂಟು ಕೊಡುವಾಗ ಒಳಗಿನ ತಗಡುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಚಾರ್ಜ್ ಮಾಡಿದಾಗ ಕರಗುತ್ತದೆ. ಕರಗಿಸುವುದಕ್ಕೆ ತಡಮಾಡಿದರೆ ಅದು ಹರಳುಗಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ಯಾವ ಚಾರ್ಜಿಗೂ ಬಗ್ಗುವುದಿಲ್ಲ. ಮಹೀಂದ್ರಾದವರು 1940ರ ದಶಕದ ಕೊನೆಗೆ ವಿಲ್ಲಿಸ್ ಜೀಪುಗಳನ್ನು ನಮ್ಮಲ್ಲಿ ಜೋಡಿಸಲು ಶುರುಮಾಡಿದ ಕಾಲದ ಗಾಡಿಗಳಿಗೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸುವ ಅನುಕೂಲವಿತ್ತು. ಬ್ಯಾಟರಿ ಕೈಕೊಟ್ಟರೆ ರಟ್ಟೆ ಇತ್ತು. ಈಗಿನ ಡೀಸೆಲ್ ಜೀಪಿಗೆ ಆ ತೂತೇ ಇಲ್ಲ. ಇರುವುದು ಕೆಲವೇ ಸೆಕೆಂಡು ನೂರಾರು ಆಂಪಿಯರ್ ಎಳೆಯುವ ಸೆಲ್ಫ್ ಮೋಟಾರು, ಅದಕ್ಕೆ ಉಣಿಸುವ ಬ್ಯಾಟರಿ.

ಹವೆಯನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಮಲೆನಾಡಿನ ಬ್ಯಾಟರಿ ಬಳ್ಳಾರಿ, ರಾಯಚೂರಿನ ಬ್ಯಾಟರಿಗಿಂತ ಹೆಚ್ಚು ಬಾಳಬೇಕು. ಇದರ ದೊಡ್ಡ ವೈರಿ ಸೆಕೆ. 10 ಡಿಗ್ರಿ ಬಿಸಿ ಏರಿದರೆ ಆಯಸ್ಸು ಸುಮಾರಾಗಿ ಅರ್ಧವಾಗುತ್ತದೆ ಎಂಬುದು ಈ ಕಸುಬಿನ ಹಳೆಯ ಲೆಕ್ಕ. ಹಾಗಿದ್ದೂ ಇಲ್ಲಿ ಬ್ಯಾಟರಿ ಬೇಗ ಹೋದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕು. ನನಗೆ ಕಾಣುವ ಮೊದಲ ಕಾರಣ ಅರೆಹೊಟ್ಟೆ. ಒಮ್ಮೆ ಸ್ಟಾರ್ಟ್ ಮಾಡಲು ಖರ್ಚಾಗುವುದು ಅತ್ಯಲ್ಪ, ಕಾಲು ಆಂಪಿಯರ್-ಅವರ್ ಕೂಡ ಆಗಲಿಕ್ಕಿಲ್ಲ. ತೊಂದರೆ ಇರುವುದು ತುಂಬಿಸುವುದರಲ್ಲಿ. ಸೀಸದ ಬ್ಯಾಟರಿ ಮುಕ್ಕಾಲು ಭಾಗ ಬೇಗ ತುಂಬುತ್ತದೆ, ಕೊನೆಯ ಕಾಲು ಭಾಗಕ್ಕೆ ಗಂಟೆಗಟ್ಟಲೆ ಬೇಕು. ತೋಟದಿಂದ ಡೇರಿಗೆ, ಡೇರಿಯಿಂದ ಪೇಟೆಗೆ, ಹಗಲಲ್ಲೇ ಹೆಡ್‌ಲೈಟು, ವೈಪರು ಹಾಕಿಕೊಂಡು ಮೂರ್ನಾಲ್ಕು ಕಿಲೋಮೀಟರ್ ಓಡಿ ನಿಲ್ಲುವ ಜೀಪಿನ ಬ್ಯಾಟರಿ ಇಡೀ ಮಳೆಗಾಲ ಪೂರ್ತಿ ತುಂಬುವುದೇ ಇಲ್ಲ. ಎರಡು ಹೆಡ್‌ಲೈಟುಗಳೇ ಸುಮಾರು 9 ಆಂಪಿಯರ್ ತಿನ್ನುತ್ತವೆ. ಡೈನಮೋದ ಬೆಲ್ಟು ನೆನೆದು ಜಾರುತ್ತಿದ್ದರಂತೂ ಕೇಳುವುದೇ ಬೇಡ.

ಎರಡನೆಯದು ಕುಲುಕಾಟ. ಕೊಡಚಾದ್ರಿಗೆ ಏರುವ ಜೀಪುದಾರಿ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ತಗಡುಗಳಿಗೆ ಮೆತ್ತಿದ ಸೀಸದ ಗಾರೆ ಪ್ರತಿ ಹೊಡೆತಕ್ಕೂ ಚೂರುಚೂರು ಉದುರಿ ತಳದಲ್ಲಿ ಕೆಸರಾಗಿ ಕೂರುತ್ತದೆ. ಕೆಸರು ತಗಡಿನ ಕಾಲು ಮುಟ್ಟಿದ ದಿನ ಆ ಸೆಲ್ಲು ಶಾರ್ಟ್ ಆಗುತ್ತದೆ. ಬ್ಯಾಟರಿಯನ್ನು ಬಿಗಿಹಿಡಿಯುವ ಕ್ಲ್ಯಾಂಪು ತುಕ್ಕು ತಿಂದು ಮುರಿದಾಗ ಅದರ ಜಾಗಕ್ಕೆ ಪ್ಲಾಸ್ಟಿಕ್ ಹಗ್ಗ ಬಂದಿದ್ದರೆ ಈ ಕೆಲಸ ಇನ್ನೂ ಚುರುಕು. ಮೂರನೆಯದು ಮನೆಯ ಬಳಕೆ. ಗಾಳಿಮಳೆಗೆ ಕಂಬ ಬಿದ್ದು ಮೂರು ದಿನ ಕರೆಂಟಿಲ್ಲದಾಗ ಜೀಪಿನ ಬ್ಯಾಟರಿಯಿಂದ ದೀಪ ಉರಿಸುವುದು, ಮೊಬೈಲ್ ಚಾರ್ಜಿಗೆ ಹಾಕುವುದು ಸುಲಭದ ಉಪಾಯವಾಗಿ ಕಾಣುತ್ತದೆ. ಇನ್ವರ್ಟರ್ ಬ್ಯಾಟರಿಯ ತಗಡು ದಪ್ಪ, ನಿಧಾನವಾಗಿ ಬರಿದಾಗಲೆಂದೇ ಮಾಡಿದ್ದು. ಜೀಪಿನ ಬ್ಯಾಟರಿಯ ತಗಡು ತೆಳು, ಸಂಖ್ಯೆಯಲ್ಲಿ ಹೆಚ್ಚು. ಒಮ್ಮೆಲೇ ದೊಡ್ಡ ಕರೆಂಟು ಕೊಟ್ಟು ತಕ್ಷಣ ತುಂಬಿಸಿಕೊಳ್ಳುವುದು ಅದರ ಕೆಲಸ. ಕೆಲವು ಸಲ ಪೂರ್ತಿ ಬಸಿದರೆ ಸಾಕು, ಅದು ಮತ್ತೆ ಮೊದಲಿನಂತೆ ಆಗುವುದಿಲ್ಲ.

ಇನ್ನು ತೇವ. ಆಗುಂಬೆಯಂಥ ಊರಿರುವ ಸೀಮೆಯಲ್ಲಿ ಇದನ್ನು ಬಿಟ್ಟು ಮಾತಾಡುವಂತಿಲ್ಲ. ಬಾನೆಟ್ ಎತ್ತಿ ಟರ್ಮಿನಲ್ ನೋಡಿ. ಬಿಳಿಯ ಹಿಟ್ಟು ಕಟ್ಟಿದ್ದರೆ ಅದು ಬಹುಮಟ್ಟಿಗೆ ಸೀಸದ ಸಲ್ಫೇಟ್. ಅದರ ಪಕ್ಕದಲ್ಲೇ ನೀಲಿ-ಹಸಿರು ಹೊಪ್ಪಳೆ ಇದ್ದರೆ ಅದು ಅಡಿಕೆ ಬೆಳೆಗಾರರ ಹಳೆಯ ಪರಿಚಯಸ್ಥ: ಕೊಳೆರೋಗಕ್ಕೆ ಸುಣ್ಣದ ಜತೆ ಬೆರೆಸಿ ಹೊಡೆಯುವ ಮೈಲುತುತ್ತ. ಆಮ್ಲದ ಹಬೆ ಕೇಬಲ್ಲಿನ ತಾಮ್ರವನ್ನು ತಿಂದು ಮಾಡಿದ ಮೈಲುತುತ್ತ ಅದು. ಹೊಪ್ಪಳೆ ಅಲ್ಲಿದ್ದಷ್ಟೂ ಬ್ಯಾಟರಿಯೊಳಗಿನ ಕರೆಂಟು ಕೇಬಲ್ಲಿಗೆ ದಾಟುವುದಿಲ್ಲ, ಡೈನಮೋದ ಕರೆಂಟು ಬ್ಯಾಟರಿಗೂ ದಾಟುವುದಿಲ್ಲ. ಬಿಸಿನೀರಿಗೆ ಒಂದು ಚಮಚ ಅಡಿಗೆ ಸೋಡಾ ಕದಡಿ ಸುರಿದರೆ ನೊರೆ ಎದ್ದು ಬಿಡುತ್ತದೆ. ಆ ನೀರು ಸೆಲ್ಲಿನ ಮುಚ್ಚಳದೊಳಗೆ ಇಳಿಯಬಾರದು, ಅಷ್ಟೇ ಎಚ್ಚರ. ಉಜ್ಜಿ ಒಣಗಿಸಿ, ಬಿಗಿಮಾಡಿ, ಮೇಲೆ ವ್ಯಾಸಲೀನ್ ಸವರಿದರೆ ಆಯಿತು. ‘ಹೋಯ್ತು’ ಎನಿಸಿಕೊಂಡ ಬ್ಯಾಟರಿ ಇಷ್ಟಕ್ಕೇ ಎದ್ದು ಕೂತರೆ ಆಶ್ಚರ್ಯಪಡಬೇಕಿಲ್ಲ.

ಏಳದಿದ್ದರೆ ಮಲ್ಟಿಮೀಟರ್ ಬೇಕು. ಕೆಲವೇ ನೂರು ರೂಪಾಯಿಯ ಈ ಸಲಕರಣೆ ಜೀಪಿರುವ ಮನೆಯಲ್ಲಿ ಜಾಕ್‌ನಷ್ಟೇ ಅಗತ್ಯ. ರಾತ್ರಿಯಿಡೀ ನಿಂತ ಜೀಪಿನ ಬ್ಯಾಟರಿಗೆ ಬೆಳಿಗ್ಗೆ, ಕೀಲಿ ಹಾಕುವ ಮೊದಲು ಮೀಟರ್ ಹಿಡಿದು ನೋಡಿ. 12.6 ಇದ್ದರೆ ಹೊಟ್ಟೆ ತುಂಬಿದೆ, 12.2 ಅಂದರೆ ಅರ್ಧ, 12ಕ್ಕಿಂತ ಕೆಳಗಿದ್ದರೆ ಬರಿದು. 10.5ರ ಆಸುಪಾಸಿನಲ್ಲೇ ನಿಂತು, ಚಾರ್ಜ್ ಮಾಡಿದರೂ ಮೇಲೇಳದಿದ್ದರೆ ಒಂದು ಸೆಲ್ಲು ಸತ್ತಿದೆ ಎಂದೇ ಅರ್ಥ. ಈಗ ಒಬ್ಬರು ಮೀಟರ್ ಹಿಡಿದಿರುವಂತೆಯೇ ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ನನ್ನ ಮಟ್ಟಿಗೆ ಇಡೀ ಪರೀಕ್ಷೆಯ ಜೀವ ಇರುವುದು ಇಲ್ಲಿ. ಅಂಕಿ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯ ಮೇಲೆ ಅನುಮಾನ ಸರಿ, ಆದರೆ ಅದು ಹೊಟ್ಟೆ ತುಂಬಿದ ಬ್ಯಾಟರಿ ಆಗಿರಬೇಕು. ಸೆಲ್ಫ್ ಮೋಟಾರು ಜಾಮ್ ಆಗಿ ಅತಿಯಾಗಿ ಎಳೆಯುತ್ತಿದ್ದರೂ ಹೀಗೇ ಆಗುವುದರಿಂದ ಅದನ್ನೂ ನೋಡಿಕೊಳ್ಳಬೇಕು. ಅಂಕಿ 12ರ ಹತ್ತಿರವೇ ನಿಂತು ಮೋಟಾರು ಮಾತ್ರ ತಿರುಗದಿದ್ದರೆ ಬ್ಯಾಟರಿ ನಿರಪರಾಧಿ. ಕರೆಂಟು ದಾರಿಯಲ್ಲೆಲ್ಲೋ ನಿಂತಿದೆ. ಕೆಸರು ದಾರಿಯ ಜೀಪಿನಲ್ಲಿ ಅದು ನಿಲ್ಲುವ ಮೊದಲ ತಾಣ ಎಂಜಿನ್ನಿನಿಂದ ಛಾಸಿಗೆ ಬರುವ ಅರ್ಥ್ ಪಟ್ಟಿ. ಸೆಲ್ಫ್ ಹೊಡೆಯುವಾಗ ಮೀಟರಿನ ಒಂದು ಕಡ್ಡಿ ಎಂಜಿನ್ನಿನ ಬರಿಗಬ್ಬಿಣಕ್ಕೆ, ಇನ್ನೊಂದು ಬ್ಯಾಟರಿಯ ನೆಗೆಟಿವ್‌ಗೆ ಹಿಡಿದು ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಆ ಪಟ್ಟಿಯ ಬೋಲ್ಟು ಬಿಚ್ಚಿ ತುಕ್ಕು ಉಜ್ಜಬೇಕು. ಖರ್ಚು ಒಂದು ತುಂಡು ಉಪ್ಪುಕಾಗದ.

ಗಾಡಿ ಸ್ಟಾರ್ಟ್ ಆದಮೇಲೆ ಬ್ಯಾಟರಿಯ ತುದಿಗಳಲ್ಲಿ 13.8ರಿಂದ 14.4ರವರೆಗೆ ಕಾಣಬೇಕು. ಕಡಿಮೆ ಇದ್ದರೆ ಬೆಲ್ಟು ಅಥವಾ ಡೈನಮೋ; 15 ದಾಟಿದರೆ ರೆಗ್ಯುಲೇಟರ್ ಕೆಟ್ಟು ಬ್ಯಾಟರಿ ನೀರನ್ನು ಕುದಿಸುತ್ತಿದೆ. ಉಳಿದದ್ದು ಕಳ್ಳದಾರಿ, ಅಂದರೆ ಗಾಡಿ ನಿಂತಿದ್ದರೂ ಕರೆಂಟು ಸೋರುವ ದಾರಿ. ನೆಗೆಟಿವ್ ಕೇಬಲ್ ಬಿಚ್ಚಿ, ಅದಕ್ಕೂ ಬ್ಯಾಟರಿಗೂ ನಡುವೆ ಮೀಟರನ್ನು ಆಂಪಿಯರ್‌ನಲ್ಲಿ ಇಟ್ಟು ನೋಡಬೇಕು. ಹಾಗಿದ್ದಾಗ ಮರೆತೂ ಸೆಲ್ಫ್ ಹೊಡೆಯಬಾರದು, ಮೀಟರ್ ಸುಟ್ಟೀತು. ಎಲ್ಲ ಆಫ್ ಇದ್ದಾಗ 0.05 ಆಂಪಿಯರ್‌ವರೆಗೆ ಸಹಜ. 60 ಆಂಪಿಯರ್-ಅವರ್ ಬ್ಯಾಟರಿಯನ್ನು ಬರಿದು ಮಾಡಲು ಅದಕ್ಕೆ ಐವತ್ತು ದಿನ ಬೇಕು. ಆಮೇಲೆ ಕೂರಿಸಿದ ಹಾಡಿನ ಸೆಟ್ಟೋ ಫಾಗ್ ಲೈಟಿನ ರಿಲೇಯೋ ಅರ್ಧ ಆಂಪಿಯರ್ ಹೀರುತ್ತಿದ್ದರೆ ಐದೇ ದಿನ ಸಾಕು. ಹೊಳೆ ತುಂಬಿ ಜೀಪು ಹೊರಡದೆ ನಿಲ್ಲುವುದೂ ಹೆಚ್ಚುಕಮ್ಮಿ ಅಷ್ಟೇ ದಿನ.

ಇಷ್ಟೆಲ್ಲ ಯಾಕೆ, ದಿಬ್ಬದ ಮೇಲೆ ನಿಲ್ಲಿಸಿದರೆ ಮುಗೀತಲ್ಲ ಎನ್ನುವವರಿದ್ದಾರೆ. ಮಲೆನಾಡಿನಲ್ಲಿ ಇಳಿಜಾರಿಗೆ ಬರವಿಲ್ಲ, ಹಳೆಯ ಪಂಪಿನ ಡೀಸೆಲ್ ಎಂಜಿನ್ನಿಗೆ ಈ ಉಪಾಯ ನಡೆಯುತ್ತದೆ ಎಂಬುದೂ ನಿಜ. ಆದರೆ ಕಾಮನ್ ರೈಲ್ ಎಂಜಿನ್ನಿನ ಗಾಡಿಗಳಲ್ಲಿ ಡೀಸೆಲ್ ಸಿಂಪಡಿಸುವುದನ್ನೇ ಕಂಪ್ಯೂಟರ್ ನಡೆಸುತ್ತದೆ. ಅದಕ್ಕೆ ಬೇಕಾದಷ್ಟು ವೋಲ್ಟ್ ಇಲ್ಲದೆ ಎಷ್ಟು ಇಳಿಸಿದರೂ ಎಂಜಿನ್ ಹಿಡಿಯದು, ಇಳಿಜಾರಿನ ಬುಡದಲ್ಲಿ ಗಾಡಿ ಇನ್ನೂ ಅನನುಕೂಲದ ಜಾಗದಲ್ಲಿ ನಿಲ್ಲುತ್ತದೆ. ಅಂಗಡಿಯ ಟೆಸ್ಟರ್ ಒಂದೇ ನಿಮಿಷದಲ್ಲಿ ಹೇಳಿಬಿಡುತ್ತದಲ್ಲ ಎಂಬುದು ಇದಕ್ಕಿಂತ ತೂಕದ ಮಾತು. ಟೆಸ್ಟರ್ ಒಳ್ಳೆಯದೇ. ಆದರೆ ಹಸಿದ ಬ್ಯಾಟರಿಯೂ ಅದರ ಮುಂದೆ ಸತ್ತಂತೆಯೇ ಕಾಣಬಹುದು. ಮೊದಲು ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಬಿಟ್ಟು ನೋಡಿದರೆ ಮಾತ್ರ ಅದರ ಮಾತಿಗೆ ಬೆಲೆ. ನೀರು ಹಾಕುವ ಗೋಜಿಲ್ಲದ ಬ್ಯಾಟರಿಯ ಮೇಲಿನ ಹಸಿರು ಕಣ್ಣನ್ನು ನಂಬಿ ಕೂರುವಂತೆಯೂ ಇಲ್ಲ, ಆ ಕಣ್ಣು ನೋಡುವುದು ಆರರಲ್ಲಿ ಒಂದು ಸೆಲ್ಲನ್ನು. ಒಂದು ಮಾತನ್ನು ಮಾತ್ರ ಒಪ್ಪುತ್ತೇನೆ: ನಾಲ್ಕೈದು ವರ್ಷ ದುಡಿದ ಬ್ಯಾಟರಿ ಪೂರ್ತಿ ಚಾರ್ಜ್ ಆದಮೇಲೂ ಸೆಲ್ಫಿಗೆ ಕುಸಿದರೆ ತನಿಖೆ ಎಳೆಯುವುದು ವ್ಯರ್ಥ. ಬದಲಿಸಬೇಕು.

ನೀರಿನ ವಿಷಯಕ್ಕೆ ಬಂದರೆ, ಮುಚ್ಚಳ ಬಿಚ್ಚುವ ಬ್ಯಾಟರಿಗೆ ಬಾವಿಯ ನೀರು ಸುರಿಯುವುದು ದೊಡ್ಡ ತಪ್ಪು. ಜಂಬಿಟ್ಟಿಗೆ ನೆಲದ ನೀರಿನಲ್ಲಿ ಕಬ್ಬಿಣದ ಅಂಶವಿರುತ್ತದೆ. ಸೆಲ್ಲಿನೊಳಗೆ ಹೋದ ಕಬ್ಬಿಣ ಸುಮ್ಮನೆ ನಿಂತ ಬ್ಯಾಟರಿಯನ್ನೂ ಒಳಗೊಳಗೇ ಬರಿದು ಮಾಡುತ್ತದೆ. ಮಳೆನೀರು ಮೆದು, ನಿಜ, ಆದರೆ ಹಂಚಿನ ಧೂಳು, ಪಾಚಿ ತೊಳೆದುಕೊಂಡು ಬಂದದ್ದು. ಪೇಟೆಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ತಂದು, ತಗಡು ಮುಳುಗಿ ಸ್ವಲ್ಪ ಮೇಲೆ ನಿಲ್ಲುವಷ್ಟು ಹಾಕಿದರೆ ಸಾಕು. ಆಸಿಡ್ ಹಾಕುವುದಂತೂ ಬೇಡ, ಹಬೆಯಾಗಿ ಹೋದದ್ದು ಹೆಚ್ಚುಕಡಿಮೆ ನೀರು ಮಾತ್ರ.

ಬದಲಿಸುವಾಗ ಮೊದಲು ಬಿಚ್ಚಬೇಕಾದ್ದು ನೆಗೆಟಿವ್. ಪಾಸಿಟಿವ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ. ಚಾರ್ಜ್ ಆದ ಬ್ಯಾಟರಿಯ ಮೇಲೆ ಹೈಡ್ರೋಜನ್ ಸುಳಿದಾಡುತ್ತಿರುತ್ತದೆ, ಬೀಡಿಯೂ ದೂರವಿರಲಿ. ಹೊಸದನ್ನು ಕೂರಿಸುವಾಗ ಇದು ತಿರುವುಮುರುವು, ನೆಗೆಟಿವ್ ಕೊನೆಗೆ. ಕೊಳ್ಳುವಾಗ ಆಂಪಿಯರ್-ಅವರ್ ಕಂಪನಿ ಹೇಳಿದಷ್ಟು ಇದೆಯೇ, ಟರ್ಮಿನಲ್‌ಗಳು ಎಡಬಲ ಅದಲುಬದಲಾಗಿಲ್ಲವೇ, ತಯಾರಾಗಿ ಎಷ್ಟು ತಿಂಗಳಾಯಿತು ಎಂಬುದನ್ನು ನೋಡಲೇಬೇಕು. ಅಂಗಡಿಯ ಕಪಾಟಿನಲ್ಲಿ ವರ್ಷ ಕಳೆದದ್ದು ಹೊಸದಲ್ಲ. ಟ್ರೇಯ ತುಕ್ಕು ಕೆರೆದು ಬಣ್ಣ ಬಳಿದು, ಅಡಿಗೆ ಒಂದು ರಬ್ಬರ್ ಹಾಸು ಇಟ್ಟು, ಕ್ಲ್ಯಾಂಪನ್ನು ಕೈಯಿಂದ ಅಲ್ಲಾಡಿಸಿದರೂ ಬ್ಯಾಟರಿ ಕದಲದಷ್ಟು ಬಿಗಿ ಮಾಡಿ. ಹಳೆಯದನ್ನು ಒಡೆದು ಆಸಿಡನ್ನು ತೋಟದ ಬಸಿಗಾಲುವೆಗೆ ಚೆಲ್ಲುವುದು, ಬಿಡಿ ಸೀಸವನ್ನು ಗುಜರಿಗೆ ಹಾಕುವುದು ಅಪಾಯವೂ ಹೌದು, ನಷ್ಟವೂ ಹೌದು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ್ದನ್ನು ಮರಳಿ ಸಂಗ್ರಹಿಸುವ ಹೊಣೆ ತಯಾರಕರದ್ದು. ಇಡಿಯಾಗಿ ಅಂಗಡಿಗೆ ಒಯ್ದರೆ ಹೊಸದರ ಬೆಲೆಯಲ್ಲಿ ಕಡಿತವೂ ಸಿಗುತ್ತದೆ. ಮಾರನೆಯ ಬೆಳಿಗ್ಗೆ ಹೊಸ ಬ್ಯಾಟರಿಯ ಅಂಕಿಯನ್ನೂ ತಾರೀಕನ್ನೂ ಬಾನೆಟ್ಟಿನ ಒಳಮೈಗೆ ಮಾರ್ಕರ್‌ನಲ್ಲಿ ಬರೆದಿಟ್ಟರೆ, ಮುಂದಿನ ಆರಿದ್ರೆಗೆ ‘ಟಕ್’ ಎಂದಾಗ ಹೋಲಿಸಿ ನೋಡಲು ಒಂದು ಲೆಕ್ಕ ಕೈಯಲ್ಲಿರುತ್ತದೆ.